ಓಡುವ ಅಂಗಿ

ಬೆಟಗೇರಿಯ ನೋಟ್‌ಬುಕ್ ಕಾರ್ಖಾನೆಯಲ್ಲಿ ಕಸ್ತೂರಿ ಬಾರಕೇರ ಸ್ಟೂಲಿನ ಮೇಲೆ ಕುಳಿತು ಹಾಳೆಗಳನ್ನು ಹೊಲಿಯುತ್ತಿದ್ದಳು. ಕೈ ಹೊಲಿಗೆಯಲ್ಲಿತ್ತು, ಕಾಲು ಮಾತ್ರ ಓಡುತ್ತಿತ್ತು. ಪಾದವೇನೂ ನೆಲ ಬಿಟ್ಟು ಏಳುತ್ತಿರಲಿಲ್ಲ. ಚೂಡಿದಾರದ ಒಳಗೆ ಮೀನಖಂಡ ಬಿಗಿದು ಸಡಿಲವಾಗುವುದು, ತೊಡೆ ಬಿಗಿದು ಸಡಿಲವಾಗುವುದು, ಹೀಗೆ ಗಂಟೆಗಟ್ಟಲೆ ನಡೆಯುತ್ತಿತ್ತು. ಮಧ್ಯಾಹ್ನ ರೊಟ್ಟಿಯ ಗಂಟು ಬಿಚ್ಚುವ ಹೊತ್ತಿಗೆ ಅವಳು ಕುಳಿತಲ್ಲಿಂದಲೇ ಎಂಟು ಕಿಲೋಮೀಟರ್ ಓಡಿ ಮುಗಿಸಿ ಬೆವರು ಒರೆಸಿಕೊಳ್ಳುತ್ತಿದ್ದಳು.

ಇದಕ್ಕೆಲ್ಲ ಕಾರಣ ಅವಳು ಒಳಗೆ ತೊಟ್ಟಿದ್ದ, ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಬರುವ ತೆಳುವಾದ ಬೂದು ಉಡುಪು. ಅದಕ್ಕೆ ವಿಜ್ಞಾನಿಗಳು ಇಟ್ಟ ಹೆಸರು 'ಅನುಚಲನ ಕವಚ'. ಅಷ್ಟುದ್ದದ ಹೆಸರು ಯಾರ ನಾಲಿಗೆಗೆ ಹತ್ತೀತು? ಊರವರು ಅದನ್ನು 'ಓಡೂ ಅಂಗಿ' ಎಂದರು, ಅದೇ ನಿಂತಿತು.

ಅಂಗಿಯ ತತ್ವ ಸರಳ. ನುರಿತ ಓಟಗಾರನೊಬ್ಬ ಓಡುವಾಗ ಅವನ ನರಗಳಲ್ಲಿ ಹರಿಯುವ ಸಂಕೇತಗಳನ್ನು ಮೊದಲು ದಾಖಲಿಸಿಕೊಳ್ಳುತ್ತಾರೆ. ಈ ದಾಖಲೆಗೆ 'ನಡೆಯಚ್ಚು' ಎಂದು ಹೆಸರು. ಕವಚದಲ್ಲಿ ನೇಯ್ದ ಕೂದಲೆಳೆಯಂಥ ವಿದ್ಯುತ್ ತಂತುಗಳು ಅವೇ ಸಂಕೇತಗಳನ್ನು, ಅದೇ ತಾಳದಲ್ಲಿ, ತೊಟ್ಟವರ ಸ್ನಾಯುಗಳಿಗೆ ಉಣಿಸುತ್ತವೆ. ನಲವತ್ತು ದಿನ ಹಗಲು ಅಂಗಿ ತೊಟ್ಟು, ಮುಂಜಾನೆ ಅಂಗಿಯಿಲ್ಲದೆ ಮೈದಾನದಲ್ಲಿ ಅಭ್ಯಾಸ ಮಾಡಿದರೆ ಓಟ ಮೈಗೆ ರೂಢಿಯಾಗುತ್ತದೆ.

ಪೊಲೀಸ್ ನೇಮಕಾತಿಗೆ ಆಗ ಒಂದೇ ನಿಯಮವಿತ್ತು. ಗಂಡಾಗಲಿ ಹೆಣ್ಣಾಗಲಿ, ಸಾವಿರದ ಆರುನೂರು ಮೀಟರನ್ನು ಏಳು ನಿಮಿಷದೊಳಗೆ ಓಡಬೇಕು. ಕಸ್ತೂರಿ ಎರಡು ಸಲ ಓಡಿ ಎರಡು ಸಲವೂ ಸೋತಿದ್ದಳು. ಲಿಖಿತ ಪರೀಕ್ಷೆಯಲ್ಲಿ ಜಿಲ್ಲೆಗೇ ಮೂರನೆಯವಳಾದ ಹುಡುಗಿ ಮೈದಾನದಲ್ಲಿ ಮೊದಲ ಸಲ ಇಪ್ಪತ್ತು ಸೆಕೆಂಡು, ಎರಡನೆಯ ಸಲ ಒಂಬತ್ತು ಸೆಕೆಂಡು ಹಿಂದೆ ಬಿದ್ದಳು. ಬರುವ ತಿಂಗಳಿಗೆ ಅವಳ ವಯೋಮಿತಿ ಮುಗಿಯುತ್ತಿತ್ತು. ಉಳಿದದ್ದು ಇದೊಂದೇ ಓಟ. ಆರು ವರ್ಷದವಳಿದ್ದಾಗ ಹುಬ್ಬಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಅವಳು ತಪ್ಪಿಸಿಕೊಂಡಿದ್ದಳು. ಆಗ ಒಬ್ಬ ಪೊಲೀಸಕ್ಕ ಅವಳ ಬೆರಳು ಹಿಡಿದು, ಅವಳ ಪುಟ್ಟ ಹೆಜ್ಜೆಗೆ ತನ್ನ ಹೆಜ್ಜೆ ಹೊಂದಿಸಿಕೊಂಡು ಅವ್ವನ ತನಕ ನಡೆದು ಬಂದಿದ್ದಳು. ಅಂದಿನಿಂದ ಕಸ್ತೂರಿಗೆ ಬೇರೆ ಕೆಲಸದ ಮೇಲೆ ಮನಸ್ಸೇ ಹೋಗಲಿಲ್ಲ.

ಅಂಗಿಯನ್ನು ರೂಪಿಸಿದವರು ಧಾರವಾಡದ ಡಾ. ಅರುಂಧತಿ ಇನಾಮತಿ. ಪ್ರಯೋಗಕ್ಕೆ ಗದಗಿನ ಅರುವತ್ತು ಅಭ್ಯರ್ಥಿಗಳನ್ನು ಆರಿಸಿ, ಒಬ್ಬೊಬ್ಬರಿಗೂ ತಾವೇ ಅಂಗಿಯ ಅಳತೆ ನೋಡಿದರು.

"ಇದೇನು ಮಂತ್ರಾನ್ರಿ, ಮೇಡಮ್?" ಎಂದು ಕಸ್ತೂರಿ ಕೇಳಿದ್ದಳು.

"ಮಂತ್ರ ಅಲ್ಲವ್ವಾ. ತಬಲಾ ಕಲಸೂ ಗುರುಗಳು ಹುಡುಗರ ಕೈ ಹಿಡದು ಬಾರಿಸಿ ತೋರಸ್ತಾರಲ್ಲ, ಹಂಗ. ಕೈ ಬಿಟ್ಟ ಮ್ಯಾಲೂ ಬೆರಳಿಗೆ ತಾಳ ನೆನಪಿರ್ತೈತಿ."

"ಹಂಗಾರ ಇದರಾಗ ಯಾರ ಕೈ ಐತ್ರಿ?"

ಡಾಕ್ಟರು ಮೈದಾನದ ಕಡೆ ಬೆರಳು ಮಾಡಿದರು. ಅಲ್ಲಿ ಹವಾಲ್ದಾರ ಮೌಲಾಸಾಬ ನದಾಫ ಶಿಳ್ಳೆ ಹಿಡಿದು ನಿಂತಿದ್ದರು. ಇಪ್ಪತ್ತೆರಡು ವರ್ಷ ಪೊಲೀಸ್ ಅಕಾಡೆಮಿಯಲ್ಲಿ ಓಟ ಕಲಿಸಿದ ಉಸ್ತಾದರು. ಪದಕ ಗೆದ್ದವರೂ ಸೇರಿ ಹನ್ನೊಂದು ಜನರ ನಡೆಯಚ್ಚುಗಳನ್ನು ತಜ್ಞರ ಸಮಿತಿ ತೂಗಿ ನೋಡಿತ್ತು. ನದಾಫರದರಷ್ಟು ಸಮನಾದ ನಡೆಯಚ್ಚು ಇನ್ನೊಂದಿರಲಿಲ್ಲ. ಮುಗ್ಗರಿಕೆಯಿಲ್ಲ, ಎಳೆತವಿಲ್ಲ, ಇಷ್ಟು ವರ್ಷದಲ್ಲಿ ಒಂದು ಉಳುಕೂ ಇಲ್ಲ. ಅಂಕಿಗಳನ್ನು ಕಂಡು ಸಮಿತಿ ತಲೆದೂಗಿತು. ಅಂಕಿ ಸಿಕ್ಕ ಮೇಲೆ ಆಸಾಮಿಯನ್ನು ಯಾರು ಮಾತಾಡಿಸುತ್ತಾರೆ? ದಿನಾ ಮುಂಜಾನೆ ಸಾಲಿನಲ್ಲಿ ನೀವು ಎಲ್ಲಿ ಓಡುತ್ತಿದ್ದಿರಿ ಎಂದು ಅವರನ್ನು ಒಬ್ಬರೂ ಕೇಳಲಿಲ್ಲ.

ಅಭ್ಯಾಸ ಚೆನ್ನಾಗಿ ನಡೆಯಿತು. ಇಪ್ಪತ್ತನೆಯ ದಿನಕ್ಕೆ ಕಸ್ತೂರಿ ಏಳು ನಿಮಿಷ ಮುಟ್ಟಿದಳು, ಮೂವತ್ತೈದಕ್ಕೆ ಆರು ನಿಮಿಷ ಐವತ್ತು. ಉಸ್ತಾದರಿಗೆ ಅವಳ ಬಗ್ಗೆ ಒಂದೇ ತಕರಾರಿತ್ತು. ಓಡುವ ಮುನ್ನ ಅವಳ ಎಡಗೈ ತಾನಾಗಿಯೇ ಎದೆಯ ಮುಂದೆ ಹಾದು ಸೊಂಟಕ್ಕೆ ಹೋಗಿ, ಅಲ್ಲಿಲ್ಲದ ಓಢಣಿಯ ಸೆರಗನ್ನು ಸಿಗಿಸುತ್ತಿತ್ತು.

"ಏ ಕಸ್ತೂರಿ, ಟ್ರ್ಯಾಕ್‌ಸೂಟಿನ ಮ್ಯಾಲೆ ಓಢಣಿ ಎಲ್ಲೈತಿ ಸಿಗಸಾಕ?"

"ರೂಢಿ ರೀ, ಉಸ್ತಾದರ. ಸಣ್ಣಾಕಿದ್ದಾಗ ಪಾಟಿಚೀಲ ಹಾಕ್ಕೊಂಡು ಸಾಲಿಗೆ ಓಡೂವಾಗಿಂದ ಹಿಂಗ."

"ಬಿಡವ್ವ. ನನ್ನ ಅಂಗಿ ಓಡೂದು ಕಲಿಸೀತು, ಹುಟ್ಟುಗುಣ ಬಿಡಿಸೀತೇನು!" ಎಂದು ನದಾಫ ನಕ್ಕರು.

ಪರೀಕ್ಷೆಯ ದಿನ ಅಂಗಿಗೆ ಅನುಮತಿ ಇರಲಿಲ್ಲ. ಪ್ರತಿಯೊಬ್ಬರ ಕಾಲಿಗೂ ಒಂದು ಬಿಲ್ಲೆ ಕಟ್ಟಿದ್ದರು. ಬಿಲ್ಲೆ ಗೆರೆ ದಾಟಿದ ಕ್ಷಣದಿಂದ ಅವರವರ ಗಡಿಯಾರ ಶುರು. ಅದು ಹೆಜ್ಜೆಯ ವೇಗವನ್ನೂ ಬರೆದಿಟ್ಟುಕೊಳ್ಳುತ್ತಿತ್ತು. ಕಸ್ತೂರಿ ಮುಂದಿನ ಸಾಲಿನಲ್ಲಿ ನಿಂತಳು, ಸೊಂಟಕ್ಕೆ ಕೈ ಹೋಯಿತು, ಶಿಳ್ಳೆ ಕೇಳಿತು.

ಮೂರು ಸುತ್ತು ಹೂವು ಎತ್ತಿದಂತೆ ಸಾಗಿತು. ನಾಲ್ಕನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಅವಳ ಪಕ್ಕದಲ್ಲಿದ್ದ ಹುಡುಗಿಯ ಉಸಿರು ತಪ್ಪಿತು. ಶಿರಹಟ್ಟಿ ಕಡೆಯ ತಾಂಡಾದಿಂದ ಬಂದ ಚಾಂದಿಬಾಯಿ ಲಮಾಣಿ ಅವಳು, ಅಂಗಿ ತೊಟ್ಟವಳಲ್ಲ. ಹಿಂದಿನ ಸಾಲಿನಿಂದ ಹೊರಟು ಇಲ್ಲಿಯವರೆಗೆ ಬರುವಷ್ಟರಲ್ಲಿ ಅವಳ ಶಕ್ತಿ ಮುಗಿದಿತ್ತು. ಆಗ ನಡೆದದ್ದನ್ನು ನೋಡಿ ಮೈದಾನದ ಅಧಿಕಾರಿಗಳು ಮೂಗಿನ ಮೇಲೆ ಬೆರಳಿಟ್ಟರು. ಚಾಂದಿಬಾಯಿಯ ಸುತ್ತಲಿದ್ದ ಎಂಟು ಅಭ್ಯರ್ಥಿಗಳು, ಎಂಟೂ ಜನ ಅಂಗಿಯವರು, ಒಂದೇ ಸಲ ಹೆಜ್ಜೆ ಸಣ್ಣ ಮಾಡಿ ಅವಳ ಬೆನ್ನ ಕಡೆಗೆ ಕೈ ಚಾಚಿದರು. ಮರುಕ್ಷಣ ಎಚ್ಚೆತ್ತವರಂತೆ ಏಳು ಜನ ಮುಂದೆ ಓಡಿದರು. ಕಸ್ತೂರಿ ಓಡಲಿಲ್ಲ. "ಉಸಿರು ಬಾಯಿಂದ ಬಿಡು. ನನ್ನ ಹೆಜ್ಜಿ ನೋಡಿ ಹಾಕು," ಎನ್ನುತ್ತ ಅವಳ ಬೆನ್ನಿಗೆ ಕೈ ಇಟ್ಟು ಗೆರೆಯ ತನಕ ಜೊತೆಗೇ ಬಂದಳು.

ಇಬ್ಬರೂ ಒಟ್ಟಿಗೆ ಗೆರೆ ದಾಟಿದರು. ಹಿಂದಿನ ಸಾಲಿನಿಂದ ಐದು ಸೆಕೆಂಡು ತಡವಾಗಿ ಹೊರಟಿದ್ದ ಚಾಂದಿಬಾಯಿಯ ಸಮಯ ಆರು ನಿಮಿಷ ಐವತ್ತೊಂಬತ್ತು ಸೆಕೆಂಡು. ಕಸ್ತೂರಿಯದು ಏಳು ನಿಮಿಷ ನಾಲ್ಕು. ಎಳೆದು ತಂದವಳು ನಪಾಸು, ಬಂದವಳು ಪಾಸು.

ಡಾ. ಇನಾಮತಿ ಅಂದೇ ಉಸ್ತಾದರನ್ನು ಹುಡುಕಿಕೊಂಡು ಹೋದರು.

"ನದಾಫರ, ಓಡೂವಾಗ ನೀವು ಎಲ್ಲಿರ್ತಿದ್ರಿ?"

"ಕಡೀಗೆ ರೀ. ದಂಡು ಓಡೂವಾಗ ಹಿಂದ ಒಬ್ಬಾಂವ ಇರಬೇಕಾಗ್ತೈತಿ. ಯಾರದರ ಉಸಿರು ತಪ್ಪಿತು ಅಂದ್ರ ಬಾಜೂಕ ಹೋಗಿ, ಹೆಜ್ಜಿ ಸಣ್ಣ ಮಾಡಿ, ಬೆನ್ನಿಗೆ ಕೈ ಹಚ್ಚೂದು. ಅವರು ಸುಧಾರಿಸಿದ್ರ ಮತ್ತ ನಮ್ಮ ಜಾಗಾಕ್ಕ ಬರೂದು. ಅದಽ ನನ್ನ ಡ್ಯೂಟಿ."

"ಇದನ್ನ ಮೊದಲಽ ಯಾಕ ಹೇಳಲಿಲ್ಲರಿ?"

"ನೀವು ಕೇಳಲಿಲ್ಲಲ್ರಿ, ಮೇಡಮ್."

ಹೀಗೆ ಉಸ್ತಾದರ ಇಪ್ಪತ್ತೆರಡು ವರ್ಷದ ಕರ್ತವ್ಯ ಓಟದ ಜೊತೆಗೇ ಅರುವತ್ತು ಜನರ ನರಕ್ಕೆ ಇಳಿದಿತ್ತು. ಇಲಾಖೆ ನ್ಯಾಯವಾಗಿಯೇ ನಡೆದುಕೊಂಡಿತು. ಅಂಗಿಯ ದೋಷದಿಂದ ತಡವಾದ ಸಮಯವನ್ನು ಕಳೆಯಲಾಗುವುದು, ಅಭ್ಯರ್ಥಿ 'ನನ್ನ ಇಚ್ಛೆಯಿಲ್ಲದೆ ಇಷ್ಟು ಸೆಕೆಂಡು ತಡವಾಯಿತು' ಎಂದು ಬರೆದು ಸಹಿ ಮಾಡಬೇಕು, ವಿಜ್ಞಾನಿ ಅದನ್ನು ದೃಢೀಕರಿಸಬೇಕು ಎಂದು ಆದೇಶವಾಯಿತು.

ಕಸ್ತೂರಿಯ ಬಿಲ್ಲೆಯ ದಾಖಲೆ ಡಾಕ್ಟರ ಮೇಜಿನ ಮೇಲಿತ್ತು. ಅವರು ಅದನ್ನು ಬಹಳ ಹೊತ್ತು ನೋಡಿದರು.

"ಕಸ್ತೂರಿ, ನಿಂದು ಹದಿಮೂರು ಸೆಕೆಂಡು ತಡಾ ಆಗೇತಿ."

"ಹೌದ್ರಿ."

"ಉಳದ ಏಳೂ ಮಂದೀದು ಮೂರಽ ಸೆಕೆಂಡು. ಅಂಗಿ ಕಲಿಸಿದ್ದು ಅಷ್ಟಕ್ಕಽ ಮುಗೀತೈತಿ. ಆಮ್ಯಾಲೆ ಮೆದುಳು ತನ್ನ ಕೈಗೆ ತಗೋತೈತಿ." ಡಾಕ್ಟರು ಕನ್ನಡಕ ತೆಗೆದಿಟ್ಟರು. "ನೀ ಹದಿಮೂರು ಅಂತ ಬರಿ. ನಾ ಸಹಿ ಹಾಕ್ತೀನಿ. ಯಾರೂ ಕೇಳೂದಿಲ್ಲ."

ಕಸ್ತೂರಿ ಪೆನ್ನು ಹಿಡಿದಳು. ಅವಳಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳು. ನಾಲ್ಕು ಸೆಕೆಂಡು ಬೇಕಿದ್ದವಳ ಮುಂದೆ ಹದಿಮೂರು ಇಟ್ಟಿದ್ದರು. ಅವ್ವ ನೆನಪಾದಳು, ಹಾಳೆ ಹೊಲಿಯುವ ಸ್ಟೂಲು ನೆನಪಾಯಿತು.

"ಮೊದಲನೇ ಮೂರು ಸೆಕೆಂಡು ಉಸ್ತಾದರದು ರೀ," ಎಂದಳು ಕೊನೆಗೆ. "ಕಾಲು ತಾವಽ ಸಣ್ಣ ಆದವು, ನನಗೂ ತಿಳೀತು. ಆಮ್ಯಾಲೆ ಬಿಟ್ಟು ಓಡಬಹುದಿತ್ತು. ಓಡಲಿಲ್ಲ. ಪೊಲೀಸ್ ಆಗಾಕ ಹೊಂಟಾಕಿ ಮೊದಲನೇ ಕಾಗದದಾಗ ಸುಳ್ಳು ಬರೀಲೇನ್ರಿ?"

ಮೂರು ಎಂದು ಬರೆದು ಸಹಿ ಮಾಡಿದಳು. ಏಳು ನಿಮಿಷ ನಾಲ್ಕರಲ್ಲಿ ಮೂರು ಹೋಗಿ ಏಳು ನಿಮಿಷ ಒಂದು ಉಳಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕಸ್ತೂರಿ ಮರುದಿನ ಕಾರ್ಖಾನೆಗೆ ಹೋಗಿ, ಕಾಗದದ ರೀಮುಗಳ ಹಿಂದೆ ನಿಂತು ಮನಸಾರೆ ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಹೊಲಿಗೆಗೆ ಕುಳಿತಳು.

ಡಾಕ್ಟರು ನಡೆದದ್ದನ್ನೆಲ್ಲ ವರದಿಯಲ್ಲಿ ಬರೆದು, ಈ ದೋಷವನ್ನು ಮುಂದಿನ ಅಂಗಿಯಲ್ಲಿ ನಿವಾರಿಸಲಾಗುವುದು ಎಂದು ಮುಗಿಸಿದ್ದರು. ಅದನ್ನು ಅಕಾಡೆಮಿಯ ಪ್ರಾಂಶುಪಾಲರು ಎರಡು ಸಲ ಓದಿ ಫೋನ್ ಮಾಡಿದರು. "ಇದನ್ನ ತೆಗೀಬ್ಯಾಡ್ರಿ ಡಾಕ್ಟರ. ಓಡೂ ಪೊಲೀಸರು ನನ್ನ ಹತ್ರ ಬೇಕಾದಷ್ಟು ಅದಾರ. ನಿಲ್ಲೂವ್ರು ಬೇಕು. ಆದ್ರ ಮೂರು ಸೆಕೆಂಡು ಎಲ್ಲಿಗೆ ಸಾಲತೈತ್ರಿ? ಬಿದ್ದಾಂವ ಎದ್ದು ನಿಲ್ಲೂ ತನಕ ಇರೂವಂಥಾದ್ದು ಸಿಗತೈತೇನು?"

ಸಿಗುವ ಜಾಗ ಒಂದೇ ಎಂದು ಡಾಕ್ಟರಿಗೆ ಗೊತ್ತಿತ್ತು. ಅವರು ಬೆಟಗೇರಿಗೆ ಬಂದು ಕಸ್ತೂರಿಯ ಎದುರು ಇನ್ನೊಂದು ಸ್ಟೂಲು ಎಳೆದುಕೊಂಡು ಕುಳಿತರು. ಅಕಾಡೆಮಿಯ ಹೊಸ ತರಬೇತಿಗೆ ನಿನ್ನ ನಡೆಯಚ್ಚು ಬೇಕು ಎಂದರು.

ಕಸ್ತೂರಿ ಸೂಜಿಗೆ ದಾರ ಪೋಣಿಸುತ್ತಲೇ ಕೇಳಿದಳು. "ನನ್ನ ಕಾಲು ಅಕಾಡೆಮಿ ಒಳಗ, ನಾ ಹೊರಗ. ಹಂಗೇನ್ರಿ?"

ಡಾಕ್ಟರು ನಾಚಿಕೆಯಿಂದ ತಲೆ ತಗ್ಗಿಸಿದರು. ಕಸ್ತೂರಿಗೆ ಸಿಟ್ಟು ಇಳಿಯಲು ಒಂದು ವಾರ ಬೇಕಾಯಿತು. ಕೊನೆಗೆ ಚಾಂದಿಬಾಯಿಯೇ ಖಾಕಿ ತೊಟ್ಟು ಬಂದು ಕೈ ಹಿಡಿದು ಕರೆದಳು. ನಡೆಯಚ್ಚು ದಾಖಲಿಸುವ ದಿನಗಳಲ್ಲಿ ಪಕ್ಕದಲ್ಲಿ ಓಡಿ, ಬೇಕೆಂದೇ ಉಸಿರು ತಪ್ಪಿಸಿಕೊಂಡವಳೂ ಅವಳೇ.

ಆರು ತಿಂಗಳ ನಂತರ ಅಕಾಡೆಮಿಯಿಂದ ಆಮಂತ್ರಣ ಬಂತು. ಬೆಳಗಿನ ಎಳೆಬಿಸಿಲಲ್ಲಿ ಕಸ್ತೂರಿ ಮೈದಾನದ ಅಂಚಿನ ಕಟ್ಟೆಯ ಮೇಲೆ ಕುಳಿತಳು. ಒಂದು ಪಕ್ಕದಲ್ಲಿ ಡಾ. ಇನಾಮತಿ, ಇನ್ನೊಂದು ಪಕ್ಕದಲ್ಲಿ ನಿವೃತ್ತರಾಗಿದ್ದ ನದಾಫ. ಎದುರಿಗೆ ಅವಳ ನಡೆಯಚ್ಚಿನ ಅಂಗಿಯಲ್ಲಿ ಓಟ ಕಲಿತ ಮುನ್ನೂರು ಜನ ಪ್ರಶಿಕ್ಷಣಾರ್ಥಿಗಳು ಸಾಲಾಗಿ ನಿಂತಿದ್ದರು, ಅರ್ಧಕ್ಕಿಂತ ಹೆಚ್ಚು ಗಂಡಸರು, ಕೆಲವರಿಗೆ ಹುರಿ ಮೀಸೆ. ಪ್ರಾಂಶುಪಾಲರು ಶಿಳ್ಳೆಯನ್ನು ಬಾಯಿಗೆ ತಂದರು.

ಅಷ್ಟರಲ್ಲಿ ಮುನ್ನೂರು ಎಡಗೈಗಳು ಒಟ್ಟಿಗೆ ಎದ್ದು, ಎದೆಯ ಮುಂದೆ ಹಾದು, ಸೊಂಟಕ್ಕೆ ಹೋಗಿ, ಇಲ್ಲದ ಸೆರಗನ್ನು ಅಚ್ಚುಕಟ್ಟಾಗಿ ಸಿಗಿಸಿದವು.

ಪ್ರಾಂಶುಪಾಲರ ಬಾಯಿಂದ ಶಿಳ್ಳೆ ಜಾರಿತು. ಡಾಕ್ಟರು ಹಣೆಗೆ ಕೈ ಹಚ್ಚಿಕೊಂಡರು. "ಈ ಸಲಾನೂ ಒಂದು ಕೇಳೂದು ಮರತ್ರಲ್ರೀ, ಮೇಡಮ್!" ಎಂದು ಉಸ್ತಾದರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಕಸ್ತೂರಿಗೆ ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ. ಪ್ರಾಂಶುಪಾಲರು ಸಾವರಿಸಿಕೊಂಡು ಮತ್ತೆ ಶಿಳ್ಳೆ ಎತ್ತಿದಾಗ ಅವಳು ಕಟ್ಟೆಯಿಂದ ಇಳಿದು ನಿಂತಳು. ಅವಳ ಎಡಗೈಯೂ ಸೊಂಟಕ್ಕೆ ಹೋಯಿತು. ಮುನ್ನೂರ ಒಂದು ಕೈಗಳಲ್ಲಿ ಓಢಣಿ ಇದ್ದದ್ದು ಅದೊಂದರಲ್ಲೇ.