ಒಂದು ಗೇಣು ಬೆಳಕು

ಭಿತ್ತಿಪತ್ರದಲ್ಲಿ ಈ ಸಲವೂ ಅಣ್ಣನ ಹೆಸರೊಂದೇ ಇತ್ತು. ಅವನ ನೃತ್ಯತಂಡಕ್ಕೆ ಒಂಬತ್ತು ವರ್ಷಗಳಿಂದ ಬೆಳಕು ಹಾಸುತ್ತಿದ್ದವಳು ಅವಳು. ವೇದಿಕೆಯ ಮೇಲಿನ ಬೋಳು ಬಿಳಿ ಮೆಟ್ಟಿಲುಗಳ ಉದ್ದ, ಅಗಲ, ಓರೆ ಎಲ್ಲವನ್ನೂ ಅಳೆದು, ಆ ಅಳತೆಗೆ ಕೂರುವ ಚಿತ್ರವನ್ನು ಎರಡು ಪ್ರೊಜೆಕ್ಟರುಗಳಿಂದ ಬಿಟ್ಟರೆ, ಅದೇ ಮೆಟ್ಟಿಲು ಒಮ್ಮೆ ಜಲಪಾತ, ಒಮ್ಮೆ ಹೊತ್ತಿ ಉರಿಯುವ ಬೀದಿ. ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಚಪ್ಪಾಳೆ ಮಾತ್ರ ಅಣ್ಣನಿಗೆ. "ನಮ್ಮ ಪುಟ್ಟಿ ಲೈಟ್ ಹಾಕ್ತಾಳೆ" ಎಂದು ಬಂದವರಿಗೆ ಪರಿಚಯಿಸುತ್ತಿದ್ದ, ಬಚ್ಚಲುಮನೆಯ ಬಲ್ಬು ಹಾಕುವವಳ ಬಗ್ಗೆ ಹೇಳಿದ ಹಾಗೆ. ಒಂದು ವರ್ಷದಿಂದ ಅವಳು ಅವನ ಮನೆಗೆ ಹೋಗುವುದನ್ನೇ ಬಿಟ್ಟಿದ್ದಳು.

ಅವನ ಕಾಲು ಮುರಿದರೆ ಸಾಕಿತ್ತು. ಮುಂದಿನ ತಿಂಗಳ ಪ್ರವಾಸವನ್ನು ತಾನೇ ನಡೆಸಬಹುದು. ಕತ್ತೇ ಮುರಿದರೆ, ನಾಲ್ಕು ಜನರೆದುರು ಅಳುವುದು ಅವಳಿಗೇನೂ ಕಷ್ಟವಿರಲಿಲ್ಲ.

ಚಿತ್ರ ಬಿದ್ದಾಗ ಮೆಟ್ಟಿಲಿನ ನಿಜವಾದ ಅಂಚು ಮೇಲೆ ನಿಂತವರಿಗೆ ಕಾಣುವುದಿಲ್ಲ. ನರ್ತಕರು ಎಡವದಿರಲೆಂದು ಅವಳೇ ಪ್ರತಿ ಅಂಚಿಗೂ ತೆಳುವಾದ ಹಳದಿ ಬೆಳಕಿನ ಗೆರೆ ಕೊಟ್ಟಿದ್ದಳು. ಎಲ್ಲರೂ ಅದನ್ನು ನಂಬಿಯೇ ಕಾಲಿಡುತ್ತಿದ್ದರು. ತುತ್ತತುದಿಯ ಅಟ್ಟಣೆಯ ಗೆರೆಯನ್ನು ಒಂದು ಗೇಣು ಮುಂದಕ್ಕೆ ಸರಿಸಿದರೆ ಆಯಿತು. ನಡೆದು ಬರುವವನಿಗೆ ಇನ್ನೂ ನೆಲವಿದೆ ಎನ್ನಿಸುತ್ತದೆ, ಹೆಜ್ಜೆ ಗಾಳಿಗೆ ಬೀಳುತ್ತದೆ. ಕೆಳಗೆ ಕಡಿದಾದ ಹದಿನಾಲ್ಕು ಮೆಟ್ಟಿಲು, ಆಮೇಲೆ ಸಿಮೆಂಟು ನೆಲ.

ಕೊನೆಯ ತಾಲೀಮು ಮುಗಿಯುವ ಹೊತ್ತಿಗೆ ಅಣ್ಣ ಒಬ್ಬನೇ ಇಳಿದು ಬರುವುದು ವಾಡಿಕೆ. ಸಂಗೀತದ ಆ ಜಾಗಕ್ಕೆ ತಪ್ಪು ಚಿತ್ರ ತಾನಾಗಿ ಬರುವಂತೆ, ನಲವತ್ತು ಸೆಕೆಂಡಿಗೆ ಅದು ಅಳಿಸಿಹೋಗಿ ಸರಿಯಾದದ್ದು ಮರಳುವಂತೆ ಮಾಡಿಟ್ಟಳು. ಆಗ ಅವಳು ಯಂತ್ರದ ಹತ್ತಿರವೂ ಇರುವುದಿಲ್ಲ. ಸುರಕ್ಷತೆ ಪರೀಕ್ಷಿಸಲು ಬರುವ ಅಧಿಕಾರಿಣಿಯ ಪಕ್ಕದಲ್ಲಿ, ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿರುತ್ತಾಳೆ. ಅದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗಬೇಕು?

ಬೆಳಿಗ್ಗೆ ಅಧಿಕಾರಿಣಿ ಟೇಪು ಹಿಡಿದು ಒಂದೊಂದು ಗೆರೆಯನ್ನೂ ಅಳೆದರು. "ಕೂದಲೆಳೆಯಷ್ಟೂ ಆಚೀಚೆ ಇಲ್ಲಮ್ಮ" ಎಂದು ಬೆನ್ನು ತಟ್ಟಿದರು. ಮಧ್ಯಾಹ್ನ ತಾಲೀಮು ಎಣಿಸಿದಂತೆಯೇ ಸಾಗಿತು. ಅಣ್ಣ ಅಟ್ಟಣೆಯ ಹಿಂಬದಿಯಲ್ಲಿ ಬಂದು ನಿಂತ. ಅವಳು ಮುಂದಿನ ಸಾಲಿನಲ್ಲಿ, ಅಧಿಕಾರಿಣಿಯ ಪಕ್ಕ, ಕೈಕಟ್ಟಿ ಕೂತಿದ್ದಳು.

ಅವನು ಹೊರಡಲಿಲ್ಲ. ಕೈಯೆತ್ತಿ ಸಂಗೀತ ನಿಲ್ಲಿಸಿ ಮಾತಾಡತೊಡಗಿದ.

"ಇಷ್ಟು ವರ್ಷ ಜನ ಚಪ್ಪಾಳೆ ತಟ್ಟಿದ್ದು ನನ್ನ ತಂಗಿ ಕೆಲಸಕ್ಕೆ. ನಾನೇ ಬಾಯಿ ಬಿಟ್ಟು ಹೇಳ್ಲಿಲ್ಲ. ಪ್ರವಾಸದ ಪೂರಾ ಜವಾಬ್ದಾರಿ ಇನ್ಮೇಲೆ ಅವಳದ್ದೇ. ಪುಟ್ಟೀ, ಮೇಲೆ ಬಾ. ಇವತ್ತು ಜೊತೆಗೇ ಇಳಿಯೋಣ."

ಯಂತ್ರದ ಕೋಣೆ ಸಭಾಂಗಣದ ಆ ತುದಿಯಲ್ಲಿ, ಮಹಡಿಯ ಮೇಲೆ. ಅವಳು ಅತ್ತ ತಿರುಗುವಷ್ಟರಲ್ಲಿ ಇಬ್ಬರು ನರ್ತಕಿಯರು ನಗುತ್ತಾ ಅವಳ ಕೈಹಿಡಿದು ಹಿಂದಿನ ಏಣಿಯತ್ತ ಎಳೆದೊಯ್ದಿದ್ದರು. ಅವಳು ಮೇಲೆ ಹತ್ತಿದಾಗ ಸಂಗೀತ ಮತ್ತೆ ಶುರುವಾಗಿ ಏರುತ್ತಿತ್ತು.

"ಒಂದ್ನಿಮಿಷ ತಡಿ, ಅಣ್ಣಾ," ಎಂದಳು. ಸಂಗೀತದ ಅಬ್ಬರದಲ್ಲಿ ಅವನಿಗೆ ಕೇಳಿಸಲಿಲ್ಲ.

ಸಂಗೀತ ಒಮ್ಮೆಲೇ ತಗ್ಗಿತು, ಗೆರೆ ಸದ್ದಿಲ್ಲದೆ ಮುಂದಕ್ಕೆ ಸರಿಯಿತು. ಅಣ್ಣ ಅವಳ ಮೊಣಕೈ ಹಿಡಿದು ನಡೆದ. ನಿಜವಾದ ಅಂಚಿಗೆ ಬಂದದ್ದೇ ಅವಳ ಕಾಲು ಗಕ್ಕನೆ ನಿಂತಿತು. ಅವನೂ ಅಲ್ಲೇ ನಿಂತಿದ್ದ. "ಹನ್ನೊಂದನೇ ಹೆಜ್ಜೆ," ಎಂದು ನಕ್ಕು, ಎಲ್ಲರಿಗೂ ಕೇಳುವಂತೆ ದನಿಯೇರಿಸಿದ: "ಇನ್ನು ಮುಚ್ಚಿಟ್ಟು ಏನು ಬಂತು? ನನ್ನ ಕಣ್ಣು ಮಂಜಾಗಿ ಆರು ತಿಂಗಳಾಯ್ತು. ಗೆರೆ ಗಿರೆ ಒಂದೂ ಕಾಣಲ್ಲ. ಹೆಜ್ಜೆ ಎಣಿಸ್ಕೊಂಡೇ ಇಳೀತಿದ್ದೀನಿ."  ಕೆಳಗೆ ಅಧಿಕಾರಿಣಿ ಎದ್ದು ನಿಂತಿದ್ದರು. ಅವರ ಕಣ್ಣು ಕೆಳಗಿನ ಮೆಟ್ಟಿಲ ಮೇಲೆ ಬಿದ್ದಿದ್ದ ಹಳದಿ ಗೆರೆಯಿಂದ ಅಂಚಿನಲ್ಲಿ ಅಕ್ಕಪಕ್ಕ ನಿಂತ ನಾಲ್ಕು ಪಾದಗಳಿಗೆ ಹೋಯಿತು. "ಗೆರೆ ಅಲ್ಲಿದೆ," ಎಂದರು ನಿಧಾನವಾಗಿ. "ಅವರು ಎಣಿಸಿ ನಿಂತ್ರು. ನೀವು ಹೇಗೆ ನಿಂತ್ರಿ?"