ಸೌತೆಬಳ್ಳಿಯ ಕುಂಡ

ಅದೊಂದು ಕಾಲ, ಅದೊಂದು ಕೋಟೆಯೂರು, ಹೆಸರು ಕಲ್ಲೋಡು. ಗೋಡೆಗೆ ಗೋಡೆ ಅಂಟಿದ ಮನೆಗಳು, ಅಂಗೈಯಗಲ ನೆಲವಿಲ್ಲ. ಜನ ಮಾಳಿಗೆಯ ಮೇಲೆ ಕುಂಡಗಳಿಟ್ಟು, ಸಗಣಿ ತರಗೆಲೆ ಕೊಳೆಸಿ ಹಾಕಿ ತರಕಾರಿ ಬೆಳೆಯುತ್ತಿದ್ದರು. ಅಲ್ಲಿಗೆ ಧೂಮ್ರಜಟನೆಂಬ ಮಾಂತ್ರಿಕ ಬಂದು ನೀಲಿ ಪುಡಿ ಹಂಚಿದ. ಚಿಟಿಕೆ ಹಾಕಿದರೆ ಬೆಳಗಾಗುವುದರಲ್ಲಿ ನಗಾರಿ ಗಾತ್ರದ ಕುಂಬಳ. ಪುಕ್ಕಟೆ ಸಿಕ್ಕಿದ್ದನ್ನು ಯಾರು ಬಿಟ್ಟಾರು? ರಾಜನೂ ಬಿಡಲಿಲ್ಲ.

ತಿಂದವರ ಕಾಲಿಗೆ ಬೇರು ಬಂತು. ರಾಜ ಸಿಂಹಾಸನಕ್ಕೆ ಅಂಟಿದ. ಬೇರುಗಳು ನೆಲದಡಿ ಒಂದಕ್ಕೊಂದು ಹೆಣೆದುಕೊಂಡು ಊರಿನ ಜೀವವನ್ನು ಮಾಂತ್ರಿಕನಿಗೆ ಹರಿಸಿದವು. ಆ ಊರಲ್ಲಿ ನೀಲವ್ವನೆಂಬವಳೊಬ್ಬಳೇ ಮೊಂಡಿ, ಪುಡಿ ಮುಟ್ಟಿರಲಿಲ್ಲ. ಅವಳ ತಂಗಿ ಗಂಗಿ ಮಾತ್ರ ಪಕ್ಕದ ಮನೆಯ ಕುಂಬಳದ ಪಲ್ಯ ತಿಂದು, ಒಲೆಯ ಮುಂದೆ ನಿಂತಲ್ಲೇ ಸೊಂಟದವರೆಗೆ ಮರವಾದಳು.

"ಪುಡಿ ಸೋಕದ ಕಾಯಿ ತಿಂದ್ರೆ ಬೇರು ಕಳಚುತ್ತೆ ಮಗಾ. ಮರ ನಾಲಿಗೆಗೇರಿದ್ರೆ ಮುಗೀತು," ಎಂದಳು ಹೊಸ್ತಿಲಿಗೆ ಬೇರುಬಿಟ್ಟಿದ್ದ ಪಕ್ಕದ ಮನೆಯ ಅಜ್ಜಿ.

ಊರಲ್ಲಿ ಪುಡಿ ಸೋಕದ್ದು ನೀಲವ್ವನ ಸೌತೆಬಳ್ಳಿ ಒಂದೇ. ಅದರಲ್ಲಿ ಮಿಡಿಯೂ ಒಂದೇ. ಅದು ಕಾಯಾಗಲೆಂದು ನೀಲವ್ವ ಕಾದಳು.

ಮಾಂತ್ರಿಕ ಬಳ್ಳಿಗೆ ಹುಳ ಬಿಟ್ಟ. ನೀಲವ್ವ ಹುಳಿ ಮಜ್ಜಿಗೆ ಚಿಮುಕಿಸಿ ಬೂದಿ ಎರಚಿದಳು. ಹುಳ ಉದುರಿತು. ಮರ ಗಂಗಿಯ ಹೊಟ್ಟೆಗೇರಿತು.

ಮಾಂತ್ರಿಕ ಬಾವಿ ಬತ್ತಿಸಿದ. ಅವಳು ಕೊಡದಲ್ಲಿ ಉಳಿದಿದ್ದ ನೀರಲ್ಲಿ ಅಕ್ಕಿ ತೊಳೆದು, ಅದನ್ನೇ ಬುಡಕ್ಕೆ ಎರೆದು, ತರಗೆಲೆ ಹೊದಿಸಿದಳು. ಬಳ್ಳಿ ಉಳಿಯಿತು. ಮರ ಎದೆಗೇರಿತು.

ಮೂರನೆಯ ಸಲ ಅವನೇ ಮಾಳಿಗೆಗೆ ಬಂದ. ಮಿಡಿ ಹೆಬ್ಬೆರಳಷ್ಟಿತ್ತು.

"ಒಂದು ಚಿಟಿಕೆ ಹಾಕು ತಾಯಿ, ಈಗಲೇ ಮೊಳದುದ್ದ ಆಗುತ್ತೆ."

ಕೆಳಗಿನಿಂದ ಗಂಗಿಯ ಧ್ವನಿ ಬಂತು. "ಅಕ್ಕಾ, ಕತ್ತಿಗೆ ಬಂತು ಕಣೇ."

ನೀಲವ್ವನ ಜೀವ ಬಾಯಿಗೆ ಬಂದಿತ್ತು. ಆದರೂ, "ಬೇಡ, ಮಿಡಿಯೇ ಸಾಕು," ಎಂದು ಬಳ್ಳಿಗೆ ಕೈ ಚಾಚಿದಳು.

ಮಾಂತ್ರಿಕ ಸೂರ್ಯನ ಮೇಲೆ ಕಂಬಳಿ ಎಸೆದ. ಮಟಮಟ ಮಧ್ಯಾಹ್ನ ಕತ್ತಲಾಯಿತು. ಕೈಗೆ ದೀಪ ಎಟುಕಿದವರೆಲ್ಲ ಹೆದರಿ ಹಚ್ಚಿದರು. ದೀಪ ಹಚ್ಚಿದ ಮೇಲೆ ಗಿಡ ಮಲಗುತ್ತದೆ, ಕಿತ್ತರೆ ಕಾಯಿಯ ಗುಣ ಹೋಗುತ್ತದೆ. ಆ ಊರಲ್ಲಿ ಯಾರೂ ಕೀಳುವುದಿಲ್ಲ.

"ಈಗ ಕೀಳು ನೋಡೋಣ," ಎಂದು ಅವನು ನಕ್ಕ.

ನೀಲವ್ವ ಕೀಳಲಿಲ್ಲ. ಕುಂಡವನ್ನೇ ಸೊಂಟಕ್ಕೇರಿಸಿ, ಬಳ್ಳಿಯನ್ನು ಹೆಗಲಿಗೆ ಹಾಕಿಕೊಂಡು, ಮಲಗಿದ ಕೂಸನ್ನು ಒಯ್ಯುವಂತೆ ಕತ್ತಲಲ್ಲಿ ಮೆಟ್ಟಿಲಿಳಿದಳು. ಓಡುವಂತಿಲ್ಲ, ಎಡವುವಂತಿಲ್ಲ. ಗಂಗಿಯ ಗಲ್ಲ ಆಗಲೇ ತೊಗಟೆಯಾಗಿತ್ತು. ಬಳ್ಳಿಯಲ್ಲಿದ್ದ ಹಾಗೆಯೇ ಮಿಡಿಯನ್ನು ಅವಳ ತುಟಿಗೆ ಹಿಡಿದಳು.

"ಕಚ್ಚೇ ಗಂಗಿ."

ಗಂಗಿ ಕಚ್ಚಿದಳು. ಉಳಿದರ್ಧ ಬಳ್ಳಿಯಲ್ಲೇ ತೂಗಿತು.

ಚಟಾರನೆ ತೊಗಟೆ ಸೀಳಿತು. ಗಂಗಿಯ ಬೇರು ಕಳಚಿದ್ದೇ ತಡ, ಹೆಣೆದ ಬೇರೆಲ್ಲ ಜನರ ಕಾಲು ಬಿಟ್ಟು ಮಾಂತ್ರಿಕನನ್ನೇ ಸುತ್ತಿದವು. ಅವನು ಮಾಳಿಗೆಯ ಮೇಲೆ ಒಣ ಕೊರಡಾದ. ಸೂರ್ಯನ ಮೇಲಿನ ಕಂಬಳಿ ಜಾರಿತು. ಜನ ಕೊರಡನ್ನು ಕೊಚ್ಚಿ ಗೊಬ್ಬರದ ತೊಟ್ಟಿಗೆ ಹಾಕಿದರು. ರಾಜನೂ ಒಂದು ಬುಟ್ಟಿ ಹೊತ್ತ. ಅಂದಿನಿಂದ ಎಲ್ಲರೂ ತಮ್ಮ ಕುಂಡದಲ್ಲಿ ಬೆಳೆದದ್ದನ್ನು ಉಂಡು ಸುಖವಾಗಿದ್ದರು.

ತೊಗಟೆ ಸೀಳಿದ ಆ ಹೊತ್ತಿಗೆ ಮಾತ್ರ ನೀಲವ್ವ ತಂಗಿಯನ್ನು ತಬ್ಬಿಕೊಂಡು ಗೊಳೋ ಎಂದು ಅಳುತ್ತಿದ್ದಳು.

"ಅಕ್ಕಾ," ಎಂದಳು ಗಂಗಿ, "ಮಿಡಿ ಕಹಿಯಿತ್ತು ಕಣೇ."