ಒಂಬತ್ತನೇ ಗಿಳಿ ತಂದುಕೊಟ್ಟ ಚೀಟಿ

ಜುಲೈ ಹದಿನಾಲ್ಕು, ಬೆಳಿಗ್ಗೆ ಆರು ಇಪ್ಪತ್ತು. ಮೊಳಕಾಲ್ಮೂರಿನ ಹೊರಗೆ, ಬಂಡೆಗುಡ್ಡದ ಬುಡದಲ್ಲಿರುವ ಬಲೆಮನೆಯಲ್ಲಿ ಹನ್ನೊಂದು ಗಿಳಿಗಳಿಗೆ ಪರೀಕ್ಷೆ ನಡೆಯಿತು. ಹತ್ತು ಪಾಸಾದವು. ಒಂಬತ್ತನೇ ನಂಬರಿನದು ಫೇಲಾಯಿತು.

ಪರೀಕ್ಷೆ ಸರಳ. ಒಬ್ಬರು ಒಳಗೆ ಹೋಗಿ ಹತ್ತು ನಿಮಿಷ ಕೈ ಚಾಚಿ ನಿಲ್ಲಬೇಕು. ಪಂಜರದಿಂದ ಬಿಡಿಸಿ ತಂದ ಹಕ್ಕಿ ಮನುಷ್ಯರ ಹತ್ತಿರ ಸುಳಿಯಬಾರದು. ಸುಳಿದರೆ ಕಾಡಿಗಿಲ್ಲ.

ಕೈ ಚಾಚಿ ನಿಂತಿದ್ದವಳು ಗಂಗಾಂಬಿಕಾ. ಚಳ್ಳಕೆರೆಯ ಎಣ್ಣೆ ಗಿರಣಿಯವರ ಮಗಳು, ಪಂಜರದ ಹಕ್ಕಿಗಳನ್ನು ಕಾಡಿಗೆ ಬಿಡುವ ಈ ಕೇಂದ್ರಕ್ಕೆ ಈ ಹನ್ನೊಂದರ ಕೆಲಸ ಮುಗಿಯುವ ತನಕ ಉಸ್ತುವಾರಿ. ಒಂಬತ್ತು ಬಲೆಯ ಗುಂಟ ಸರಿದು ಬಂದು, ಬಲೆಯ ಸಂದಿಗೆ ಸಿಕ್ಕಿಸಿದ್ದ ಒಂದು ಚೀಟಿಯನ್ನು ಕೊಕ್ಕಿನಿಂದ ಎಳೆದು, ಅವಳ ಅಂಗೈಯಲ್ಲಿಟ್ಟಿತು. ಆಮೇಲೆ ಕತ್ತು ಚಾಚಿ ಭತ್ತದ ಕಾಳಿಗೆ ಕಾಯಿತು.

ಅದು ಗಿಳಿಶಾಸ್ತ್ರದ ಜೋಗಪ್ಪನ ಹಕ್ಕಿ. ಆರು ವರ್ಷ ತಳಕು, ಗೌರಸಮುದ್ರದ ಬೀದಿಗಳಲ್ಲಿ ಜನರ ಭವಿಷ್ಯದ ಚೀಟಿ ಎತ್ತಿ ಕೊಟ್ಟಿತ್ತು. ಸಾಯುವ ಮುಂಚೆ ಜೋಗಪ್ಪ ಮಗನಿಗೆ ಹೇಳಿದ್ದು ಒಂದೇ ಮಾತು: "ಅದರ ರೆಕ್ಕೆ ನಾನು ಕತ್ತರಿಸ್ದೆ. ನೀನು ಹಾರಿಸು." ಮಗ ಮಾರುತೇಶ ಹಕ್ಕಿಯನ್ನು ಕೇಂದ್ರಕ್ಕೆ ಒಪ್ಪಿಸಿ, ತಾನೂ ಅಲ್ಲೇ ಕೆಲಸಕ್ಕೆ ಸೇರಿದ್ದ.

ಚೀಟಿ ಅವನದು.

'ಗಂಗಾ ಮೇಡಂ, ಹಕ್ಕಿ ಹಾರಿದ ಮೇಲೆ ನೀವೂ ಹೋಗ್ತೀರಿ. ಹೋಗಬೇಡಿ. ನನಗೆ ನೀವಂದ್ರೆ ಇಷ್ಟ.'

ಬಲೆಮನೆಯೊಳಗೆ ಮಾತಾಡುವಂತಿಲ್ಲ. ಹಕ್ಕಿಗಳಿಗೆ ಮುಖದ ಗುರುತು ಹತ್ತಬಾರದೆಂದು ಎಲ್ಲರೂ ಕಣ್ಣಿನ ಕೆಳಗೆ ಮಾಸ್ಕ್ ಕಟ್ಟುತ್ತಾರೆ. ಐದು ತಿಂಗಳು ಅಲ್ಲಿ ಅವರಿಬ್ಬರೂ ಬೆರಳಲ್ಲೇ ಮಾತಾಡಿದ್ದರು. ಒಂದು ಬೆರಳೆಂದರೆ ಸೀಬೆಹಣ್ಣು ಮುಗಿದಿದೆ, ಎರಡೆಂದರೆ ನೀರು. ಒಮ್ಮೊಮ್ಮೆ ಅವನು ಸುಮ್ಮನೆ ಮೂರು ಬೆರಳು ಎತ್ತುತ್ತಿದ್ದ. ಮೂರಕ್ಕೆ ಅರ್ಥವಿರಲಿಲ್ಲ. ಅವಳ ಹುಬ್ಬು ಗಂಟಾಗುತ್ತಿತ್ತು. ಆ ಗಂಟಿನ ಕೆಳಗೆ ಕಣ್ಣು ನಗುವುದನ್ನು ಅವನು ಎಣ್ಣೆದೀಪ ನೋಡುವ ಹಾಗೆ ನೋಡುತ್ತಿದ್ದ.

ಗೇಟಿನಾಚೆ ಬಂದು ಅವಳು ಮಾಸ್ಕ್ ಕಿತ್ತಳು.

"ಅದರ ಮುಂದೆ ಕಾಗದ ತರಬಾರ್ದು ಅಂತ ಗೊತ್ತಿರ್ಲಿಲ್ವಾ?"

"ನೀವು ದಿನಾ ನಿಲ್ಲೋ ಜಾಗ ಮೇಡಂ. ನೀವೇ ನೋಡ್ತೀರಿ ಅಂದ್ಕೊಂಡೆ. ಅಪ್ಪ ಸಿಕ್ಕಿಸ್ತಿದ್ದಂಗೆ ಕೈ ತಾನೇ ಸಿಕ್ಕಿಸಿಬಿಡ್ತು."

"ಗೇಟ್ ದಾಟಿದ್ರೆ ದಿನಾ ಲೊಡಲೊಡ ಅಂತೀರಿ. ಇಲ್ಲಿ ಹೇಳೋಕೇನಾಗಿತ್ತು?"

"ಇಲ್ಲಿ ನೀವು ಮಾಸ್ಕ್ ತೆಗೆದಿರ್ತೀರಿ. ಮುಖ ಕಂಡ್ರೆ ಈ ಮಾತಿಗೆ ಮಾತ್ರ ನನ್ನ ನಾಲಿಗೆ ಏಳಂಗಿಲ್ಲ."

ಅವಳಿಗೆ ನಗು ಬಂತು. ಬಂದದ್ದಕ್ಕೆ ಸಿಟ್ಟೂ ಬಂತು.

"ಒಂಬತ್ತನ್ನೂ ಕಾಡಿಗೆ ಬಿಟ್ಟುಬಿಡೋಣ ಮೇಡಂ. ಯಾರಿಗೆ ಗೊತ್ತಾಗ್ತೈತೆ?"

"ನಾಳೆ ಯಾವನೋ ಬಸ್ ಟಿಕೆಟ್ ಹಿಡ್ಕೊಂಡು ನಿಂತ್ರೆ ಅವನ ಕೈಗೆ ಬಂದು ಕೂರ್ತೈತೆ. ಮತ್ತೆ ಪಂಜರ."

ಅವನು ತನ್ನ ಮಾಸ್ಕ್ ಮಡಚಿ ಜೇಬಿಗಿಟ್ಟ. "ತಪ್ಪು ನಂದು. ವರದಿಯಲ್ಲಿ ನನ್ನ ಹೆಸರೇ ಬರೀರಿ. ನಾನು ಕಣ್ಣ ಮುಂದಿದ್ರೆ ಅದು ಚೀಟಿ ಮರೆಯಂಗಿಲ್ಲ. ಹೋಗ್ತೀನಿ." ಎರಡು ಹೆಜ್ಜೆ ಹೋಗಿ ತಿರುಗಿದ. "ನನ್ನ ಚೀಟಿಗೆ ಉತ್ತರ?"

"ಒಂಬತ್ತು ಹಾರಿದ ದಿನ ಹೇಳ್ತೀನಿ," ಎಂದಳು ಗಂಗಾಂಬಿಕಾ. ಶಿಕ್ಷೆಯೆಂದೇ ಹೇಳಿದಳು. ಅರ್ಧ ತಮಾಷೆಯೂ ಇತ್ತು.

ಅವನು ರಾಯದುರ್ಗದ ಜೀನ್ಸ್ ಹೊಲಿಯುವ ಘಟಕವೊಂದಕ್ಕೆ ಸೇರಿದ. ಅವಳು ಒಂಬತ್ತಕ್ಕಾಗಿ ಐದು ತಿಂಗಳು ಹೆಚ್ಚಿಗೆ ಉಳಿದಳು. ಸೀಬೆಹಣ್ಣು ಮುಗಿದಾಗ ಒಂದು ಬೆರಳು ಎತ್ತುತ್ತಿದ್ದಳು. ನೋಡುವವರಿಲ್ಲವೆಂಬುದು ಎತ್ತಿದ ಮೇಲೆ ನೆನಪಾಗುತ್ತಿತ್ತು. ಅವನ ಫೋನ್ ಬರಲಿಲ್ಲ. ಅವಳೂ ಮಾಡಲಿಲ್ಲ.

ಕಾರ್ತಿಕದಲ್ಲಿ ಚಳ್ಳಕೆರೆಯ ಮನೆಗೆ ಗಂಡಿನ ಕಡೆಯವರು ಬಂದರು. ಅವರು ಹೋದ ಮೇಲೆ ತಾಯಿ ಕಮಲಾಕ್ಷಮ್ಮ ಬಾಗಿಲು ಹಾಕಿಕೊಂಡು ಕೇಳಿದರು:

"ನಿನ್ನ ಮನಸ್ಸಲ್ಲಿ ಯಾರಾದ್ರೂ ಅದಾರೇನೇ?"

ಗಂಗಾಂಬಿಕಾ ಇದ್ದುದನ್ನು ಇದ್ದಷ್ಟೇ ಹೇಳುವವಳು. ಅವಳ ಬಳಿ ಇದ್ದದ್ದು ಕೊಕ್ಕಿನ ಗುರುತು ಬಿದ್ದ ಒಂದು ಚೀಟಿ, ನಾಲ್ಕು ತಿಂಗಳ ಮೌನ.

"ಅದಾರೆ ಅನ್ನೋಕೆ ನನ್ನತ್ರ ಏನೂ ಇಲ್ಲವ್ವಾ," ಎಂದಳು.

ಡಿಸೆಂಬರ್ ಎಂಟರಂದು ಎರಡನೇ ಪರೀಕ್ಷೆ. ಕಾಗದ ಹಿಡಿಯಲು ಮಾರುತೇಶನನ್ನೇ ಕರೆಸಿದರು. ಅವನ ಕೈಗೆ ಬರದ ಹಕ್ಕಿ ಯಾರ ಕೈಗೂ ಬಾರದು.

ಆರು ಹತ್ತಕ್ಕೆ ಅವನು ಒಳಹೊಕ್ಕು ಅಂಗೈ ಚಾಚಿ, ಬೆರಳ ಸಂದಿಯಲ್ಲಿ ಚೀಟಿ ಹಿಡಿದು ನಿಂತ. ಒಂಬತ್ತು ನಾಲ್ಕನೇ ನಿಮಿಷಕ್ಕೆ ಕೆಳಗಿನ ಕೊಂಬೆಗೆ ಇಳಿದು, ತಲೆ ವಾರೆ ಮಾಡಿ ಅವನನ್ನು ನೋಡಿತು. ಅವನು ಉಸಿರಾಡಲಿಲ್ಲ. ಹಕ್ಕಿ ಮೇಲಿನ ಕೊಂಬೆಗೆ ಮರಳಿತು. ಹತ್ತು ನಿಮಿಷ ಮುಗಿದಾಗ ಗಂಗಾಂಬಿಕಾ ಹಗ್ಗ ಎಳೆದು ಮಾಡಿನ ಕಿಂಡಿ ತೆರೆದಳು. ಒಂಬತ್ತು ಹಾರಿಹೋಯಿತು. ಅವನ ಕೈ ಚಾಚಿಯೇ ಇತ್ತು, ಮಾಸ್ಕ್ ತೊಯ್ದಿತ್ತು.

ಗೇಟಿನಾಚೆ ಅವನು ಮಾಸ್ಕ್ ಬಿಚ್ಚಿದ. ಅವಳು ಬಿಚ್ಚಲಿಲ್ಲ.

"ಅಪ್ಪನ ಮಾತು ನಡೀತು ಮೇಡಂ." ಮುಖವೆಲ್ಲ ನಗುವಾಗಿತ್ತು. "ಉತ್ತರ ಅಂದಿದ್ರಿ. ಮಾಸ್ಕ್ ತೆಗೀರಿ."

"ಬೇಡ. ತೆಗೆದ್ರೆ ನನ್ನ ನಾಲಿಗೇನೂ ಏಳಂಗಿಲ್ಲ."

ಅವಳು ಗೇಟಿನ ಚಿಲಕ ಹಾಕಿ ಅವನತ್ತ ತಿರುಗಿದಳು.

"ಅವತ್ತೇ ಹೌದು ಅನ್ನಬೇಕಿತ್ತು. ಹೌದೇ ಇತ್ತು. ಹೋದ ತಿಂಗಳು ನಿಶ್ಚಿತಾರ್ಥ ಆಯ್ತು. ಫೆಬ್ರವರಿ ಹನ್ನೆರಡಕ್ಕೆ ಮದುವೆ."

ದೂರದಲ್ಲಿ ಯಾವುದೋ ಗಿಳಿ ಕೂಗಿತು. ಇಬ್ಬರೂ ಆ ಕಡೆ ನೋಡಲಿಲ್ಲ.

"ಒಂದು ಫೋನ್ ಮಾಡಬಾರ್ದಿತ್ತಾ ಮಾರುತೇಶ?"

"ಹಾರೋ ತನಕ ಉತ್ತರ ಇಲ್ಲ ಅಂದಿದ್ರಲ್ಲ." ಅವನ ದನಿ ಮೆಲ್ಲಗಾಯಿತು. "ಕಾಯ್ತಿದ್ದೆ."

ಅವನು ಮೂರು ಬೆರಳು ಎತ್ತಿದ. ಅವಳ ಹುಬ್ಬು ಗಂಟಾಯಿತು. ಕಣ್ಣು ನಗಲಿಲ್ಲ.

ಬೆಳಿಗ್ಗೆ ಒಂಬತ್ತೂಮುಕ್ಕಾಲರ ಬಸ್ಸಿಗೆ ಅವನು ರಾಯದುರ್ಗಕ್ಕೆ ಹೋದ. ಜನವರಿ ಮೂರರಂದು ತಳಕಿನ ರೈತ ಯರ್ರಪ್ಪ ಕೇಂದ್ರಕ್ಕೆ ಫೋನ್ ಮಾಡಿ, ಎಡಗಾಲಿಗೆ ಒಂಬತ್ತನೇ ನಂಬರಿನ ಉಂಗುರವಿರುವ ಗಿಳಿಯೊಂದು ಹಿಂಡಿನೊಂದಿಗೆ ತಮ್ಮ ಜೋಳದ ಹೊಲಕ್ಕೆ ಬಂದಿದೆ ಎಂದರು. ಗಂಗಾಂಬಿಕಾ ಕೇಳಿಕೊಂಡಂತೆ ಅವರು ಒಂದು ಕಾಗದ ಚಾಚಿ ನಿಂತು ನೋಡಿದರು. ಗಿಳಿ ಬರಲಿಲ್ಲ.